ನನ್ನ ಅರವತ್ತಕ್ಕೆ ನೀನು ಕೊಟ್ಟ ಮೂವತ್ತೆರಡು ಪುಟ

ಏಳನೇ ತಾರೀಕು, ಮಂಗಳವಾರ
ಮನೆಯಿಂದ

ಪ್ರೀತಿಯ ಮೊಂಡಿಗೆ,

ನಿನ್ನ ಮೇಡಂ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ, ಅಂದರೆ ನನ್ನ ಎಡಮಂಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ. ನೀನು ಬರೆದು ಒಂದು ತಿಂಗಳ ಮೇಲಾಯಿತು, ಉತ್ತರ ಇಷ್ಟು ತಡವಾಗಿದ್ದಕ್ಕೆ ಬೈಯಬೇಡ. ನೂರಾ ನಲವತ್ತು ಉತ್ತರಪತ್ರಿಕೆಗಳ ಕೆಳಗೆ ಹೂತುಹೋಗಿದ್ದೆ. ನಿನ್ನ ಮಗಳ ಮುಂದಿನ ಹಲ್ಲು ಅಲ್ಲಾಡುತ್ತಿದೆ, ಕೀಳಿಸಬೇಕೇ ಎಂದು ಕೇಳಿದ್ದೆಯಲ್ಲ, ನಮ್ಮ ಮನೆಯಲ್ಲೇ ಇರುವ ಹಲ್ಲಿನ ಡಾಕ್ಟರನ್ನು, ಅಂದರೆ ನಮ್ಮವರನ್ನು, ಕೇಳಿದೆ. ತಾನಾಗಿ ಬೀಳುವ ಹಲ್ಲಿಗೆ ಯಾರೂ ಕೈ ಹಾಕಬಾರದಂತೆ. ಅಷ್ಟು ಹೇಳುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡರು.

ಇಮೇಲ್ ಇರುವಾಗ ಕೊರಿಯರಿನಲ್ಲಿ ಕಾಗದ ಯಾಕೆ ಬಂತು ಎಂದು ನೀನು ಹುಬ್ಬೇರಿಸುತ್ತೀಯ. ಇಮೇಲಿನಲ್ಲಿ ಬರೆದರೆ ನೀನು ಎರಡನೇ ಸಾಲಿಗೇ ನಿಂತು, ಐದು ನಿಮಿಷದಲ್ಲಿ ಉತ್ತರ ಹಾಕಿ, ವಾದಕ್ಕೆ ಇಳಿಯುತ್ತೀಯ. ಐದು ವರ್ಷ ನಿನ್ನ ಗೈಡ್ ಆಗಿದ್ದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಕಾಗದವಾದರೆ ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ಓದಬೇಕು.

ವಿಷಯ ಇಷ್ಟು. ನನಗೆ ಅರವತ್ತು ತುಂಬುವ ಹೊತ್ತಿಗೆ ನೀವೆಲ್ಲ ಸೇರಿ ಗುಟ್ಟಾಗಿ ಒಂದು ಅಭಿನಂದನ ಸಂಪುಟ ತರುತ್ತಿದ್ದೀರಿ. ಗುಟ್ಟು ರಟ್ಟಾಗಿದೆ. ಪ್ರೆಸ್ಸಿನವನು ಪ್ರೂಫಿನ ಕಟ್ಟು ತಂದು ವಿಭಾಗದಲ್ಲಿ ಕೊಟ್ಟಾಗ ನಮ್ಮ ಅಟೆಂಡರ್ ಮೇಲಿನ ಹಾಳೆಯಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿರುವುದನ್ನು ನೋಡಿ, ನೇರವಾಗಿ ತಂದು ನನ್ನ ಮೇಜಿನ ಮೇಲಿಟ್ಟುಬಿಟ್ಟರು. ಅವರದೇನೂ ತಪ್ಪಿಲ್ಲ. ನಾನು ಪರಿವಿಡಿ ತೆರೆದೆ. ಒಟ್ಟು ಹದಿನಾಲ್ಕು ಲೇಖನ, ಒಂಬತ್ತನೆಯದು ನಿನ್ನದು.

ಶೀರ್ಷಿಕೆ ನೋಡಿದ ಕೂಡಲೇ ಯಾವುದೆಂದು ಗೊತ್ತಾಯಿತು. ಎರಡು ವರ್ಷದ ಹಿಂದೆ ನಮ್ಮ ಅಡುಗೆಮನೆಯಲ್ಲಿ ಕೂತು, ಹಾಲು ಉಕ್ಕಿ ಒಲೆಯೆಲ್ಲ ಹೊಲಸಾದರೂ ಇಬ್ಬರೂ ಏಳದೆ, ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ನೀನು ವಿವರಿಸಿದ್ದೆಯಲ್ಲ, ಅದು. ಬಾಗಿಲು ಹಾಕಿಕೊಂಡು ಮೂವತ್ತೆರಡು ಪುಟವನ್ನೂ ಓದಿದೆ. ಗಣಿತದವರು ನಾವೆಲ್ಲ ಅಂದಾಜಿನಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದ ಆ ಮೊತ್ತವನ್ನು ನೀನು ಹನ್ನೊಂದನೇ ಪುಟದಲ್ಲಿ ಕರಾರುವಾಕ್ಕಾಗಿ ಬಿಡಿಸಿಟ್ಟಿದ್ದೀಯ. ನನಗೆ ಬಹಳ ಹೆಮ್ಮೆಯಾಯಿತು. ಅದರ ಹಿಂದೆಯೇ ನಿನ್ನ ಮೇಲೆ ವಿಪರೀತ ಸಿಟ್ಟು ಬಂತು.

ನಿನ್ನ ಗುತ್ತಿಗೆ ಮುಗಿಯಲು ಇನ್ನು ಹದಿನಾಲ್ಕು ತಿಂಗಳಿದೆ. ಕೈಯಲ್ಲಿರುವುದು ಎರಡು ಸಣ್ಣ ಲೇಖನ ಮತ್ತು ಈ ಒಂದು ದೊಡ್ಡದು. ಕಾಯಂ ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸಲು ಬೇರೆ ಏನಿದೆ ನಿನ್ನ ಹತ್ತಿರ? ಇದನ್ನು ತಂದು ಇನ್ನೂರು ಪ್ರತಿ ಅಚ್ಚಾಗುವ, ಸಮಾರಂಭಕ್ಕೆ ಬಂದವರ ಕಪಾಟು ಸೇರುವ ಪುಸ್ತಕಕ್ಕೆ ಕೊಡುವುದೆಂದರೆ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ. ಒಮ್ಮೆ ಅಲ್ಲಿ ಅಚ್ಚಾಯಿತೆಂದರೆ ಮತ್ತೆ ಯಾವ ಜರ್ನಲ್ಲೂ ಅದನ್ನು ಮುಟ್ಟುವುದಿಲ್ಲ. ಕರಡನ್ನು ಅಂತರ್ಜಾಲದಲ್ಲಿ ಹಾಕಿದ್ದೇನಲ್ಲ ಎನ್ನಬೇಡ. ಅಲ್ಲಿ ಓದುವವರು ಓದುತ್ತಾರೆ, ಕೆಲಸ ಕೊಡುವವರು ಓದುವುದಿಲ್ಲ.

ಆಯ್ಕೆ ಸಮಿತಿಗಳಲ್ಲಿ ಹದಿನೈದು ವರ್ಷ ಕೂತವಳು ನಾನು. ಏಳು ಜನರಲ್ಲಿ ಆರು ಜನ ಲೇಖನ ಓದುವುದಿಲ್ಲ, ಜರ್ನಲ್ಲಿನ ಹೆಸರು ಓದುತ್ತಾರೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಒಮ್ಮೆ ಒಬ್ಬ ಹುಡುಗನ ಅರ್ಜಿ ಬಂತು. ಅವನ ಒಳ್ಳೆಯ ಲೇಖನ ಯಾರದೋ ಅಭಿನಂದನ ಸಂಪುಟದಲ್ಲಿತ್ತು. ಅಧ್ಯಕ್ಷರು ಪಟ್ಟಿ ನೋಡಿ, "ಇದೇನು ಜರ್ನಲ್ಲೋ ಹಾರತುರಾಯಿಯೋ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗನಿಗೆ ಕೆಲಸ ಸಿಗಲಿಲ್ಲ, ಅವನು ಈಗೆಲ್ಲಿದ್ದಾನೋ ನನಗೆ ತಿಳಿಯದು.

ಬೇರೆ ಯಾರೂ ಅಲ್ಲದೆ ನಾನೇ ಹೇಗೆ ನಕ್ಕೆ ಎಂದು ಇವತ್ತಿಗೂ ಅರ್ಥವಾಗಿಲ್ಲ. ನಿನಗೆ ಈ ಕಥೆ ಹೇಳಿಲ್ಲ, ಈಗ ಹೇಳುತ್ತೇನೆ. ನನ್ನ ಗೈಡಿಗೆ ಅರವತ್ತಾದಾಗ ನನಗೆ ಮೂವತ್ತೊಂದು. ಮೂರು ವರ್ಷ ಕೂತು ಒಂದು ಪ್ರಮೇಯ ಸಾಧಿಸಿದ್ದೆ. ಅವರ ಸಂಪುಟಕ್ಕೆ ಲೇಖನ ಕೇಳಿದಾಗ ಅದನ್ನೇ ಕೊಟ್ಟೆ. ಗುರುಗಳಿಗೆ ಕೊಡುವಾಗ ಒಳ್ಳೆಯದನ್ನು ಕೊಡದೆ ಹಳಸಿದ್ದನ್ನು ಕೊಡುತ್ತಾರೆಯೇ ಎಂಬ ಹುಂಬತನ. ಅವರು ಓದಿ ತುಂಬಾ ಸಂತೋಷಪಟ್ಟರು, ವಿಭಾಗದಲ್ಲೆಲ್ಲ ಹೇಳಿಕೊಂಡು ಓಡಾಡಿದರು. ಪುಸ್ತಕ ಹೊರಬರಲು ಎರಡೂವರೆ ವರ್ಷ ಹಿಡಿಯಿತು. ಅದಾದ ಹನ್ನೊಂದು ವರ್ಷಕ್ಕೆ ದೂರದ ಒಬ್ಬಾತ ಅದನ್ನೇ ಸ್ವತಂತ್ರವಾಗಿ ಸಾಧಿಸಿ ದೊಡ್ಡ ಜರ್ನಲ್ಲಿನಲ್ಲಿ ಪ್ರಕಟಿಸಿದ. ಆತ ಕದ್ದಿರಲಿಲ್ಲ. ನಾನು ಬರೆದ ಕಾಗದಕ್ಕೆ ಮರ್ಯಾದೆಯಾಗಿಯೇ ಉತ್ತರ ಕೊಟ್ಟ: ಅಂಥ ಒಂದು ಪುಸ್ತಕ ಇದೆಯೆಂದೇ ತನಗೆ ತಿಳಿದಿರಲಿಲ್ಲ, ಕ್ಷಮಿಸಿ ಎಂದ. ಅಷ್ಟು ಹೊತ್ತಿಗೆ ಪ್ರಮೇಯಕ್ಕೆ ಆತನ ಹೆಸರು ಅಂಟಿಕೊಂಡಾಗಿತ್ತು. ನೀನೂ ಅದನ್ನು ನನ್ನ ತರಗತಿಯಲ್ಲೇ, ಆತನ ಹೆಸರಿನಲ್ಲೇ ಕಲಿತೆ.

ಗೈಡ್ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ನಾನಾದರೋ ಅರಿಯದವಳು, ಅವರಿಗೆ ಎಲ್ಲ ಗೊತ್ತಿತ್ತು. ಬೇಡಮ್ಮ, ಬೇರೆ ಕಡೆ ಕಳಿಸು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಪ್ರೂಫಿನ ಕಟ್ಟನ್ನು ಮನೆಗೆ ತಂದು ನಾಲ್ಕು ದಿನ ಬೀರುವಿನಲ್ಲಿಟ್ಟುಕೊಂಡಿದ್ದಾಗ, ಅವರು ಯಾಕೆ ಹೇಳಲಿಲ್ಲ ಎಂದು ನನಗೆ ಚೆನ್ನಾಗಿ ಅರ್ಥವಾಯಿತು.

ಐದನೇ ದಿನ ಕಟ್ಟು ಎತ್ತಿಕೊಂಡು ನಿಮ್ಮ ಸಂಪಾದಕರ ಕೋಣೆಗೆ ಹೋದೆ. ಪಾಪ, ನನ್ನ ಕಂಕುಳಲ್ಲಿ ಅದನ್ನು ನೋಡಿ ಅವರ ಮುಖ ಇಂಗು ತಿಂದ ಮಂಗನಂತಾಯಿತು. ಒಂಬತ್ತನೇ ಲೇಖನ ತೆಗೆದುಬಿಡಿ ಎಂದೆ. ಬರೆದವರೇ ಸಹಿ ಮಾಡಿ ವಾಪಸ್ ಕೇಳಿದರೆ ಮಾತ್ರ ತೆಗೆಯಬಹುದು, ಹದಿನೆಂಟಕ್ಕೆ ಅಚ್ಚಿಗೆ ಹೋಗುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, "ಉಳಿದವರೆಲ್ಲ ಮೂಲೇಲಿ ಬಿದ್ದಿದ್ದನ್ನ ಒರೆಸಿ ಕೊಟ್ಟಿದಾರೆ ಮೇಡಂ. ಅವಳದ್ದನ್ನೂ ತೆಗೆದ್ರೆ ಪುಸ್ತಕದಲ್ಲಿ ಏನಿರುತ್ತೆ ಹೇಳಿ?" ಅಂದರು. ನನ್ನ ಫೋಟೊ ಇರುತ್ತದಲ್ಲ, ಸಾಕು ಎಂದು ಎದ್ದು ಬಂದೆ.

ಮನೆಯಲ್ಲಿ ಇದೇ ವಿಷಯಕ್ಕೆ ಸಣ್ಣ ಜಟಾಪಟಿಯಾಯಿತು. ನಮ್ಮವರು ನಿನ್ನ ಪಕ್ಷ. "ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನೋದೂ ಒಂಥರಾ ಜಂಬಾನೇ. ಅವಳಿಗೆ ಬೇಜಾರಾಗಲ್ವಾ?" ಅಂದರು. ಬೇಜಾರು ಎರಡು ದಿನ, ಕೆಲಸ ಮೂವತ್ತು ವರ್ಷ ಎಂದೆ. ಅವರು ಪೇಪರ್ ಓದತೊಡಗಿದರು.

ಆದರೆ ನೀನು ಇದನ್ನು ಬರೀ ಪ್ರೀತಿಯಿಂದ ಕೊಟ್ಟೆ ಎಂದು ನಾನು ಒಪ್ಪುವುದಿಲ್ಲ. ಅರ್ಧ ಹೆದರಿಕೆಯೂ ಇದೆ. ಹೋದ ವರ್ಷ ಫೋನಿನಲ್ಲಿ, "ಎಲ್ಲಿಗೆ ಕಳಿಸೋದು ಅಂತ ಯೋಚ್ನೆ ಮಾಡ್ತಾ ಮಾಡ್ತಾ ಡ್ರಾಯರಿನಲ್ಲೇ ಉಳಿದುಬಿಡ್ತು ಮೇಡಂ" ಅಂದಿದ್ದೆ. ಅಭಿನಂದನ ಸಂಪುಟದಲ್ಲಿ ಯಾರೂ ತಿರಸ್ಕರಿಸುವುದಿಲ್ಲ, ಅದಕ್ಕೇ ಅಲ್ಲಿಗೆ ಕೊಟ್ಟು ನಿಟ್ಟುಸಿರು ಬಿಟ್ಟೆ. ಹೌದೋ ಅಲ್ಲವೋ?

ಈಗ ಎಲ್ಲಿಗೆ ಕಳಿಸಬೇಕೆಂದು ಕೇಳು. ಎಲ್ಲಕ್ಕಿಂತ ಮೇಲಿರುವ ಜರ್ನಲ್ಲಿಗೆ ಕಳಿಸಬೇಡ. ನಿನ್ನ ಕೆಲಸ ಅದಕ್ಕೆ ಸಾಲದು ಎಂದಲ್ಲ. ಅಲ್ಲಿ ಲೇಖನ ಪರೀಕ್ಷಿಸುವ ರೆಫರಿ ಬಾಯಿ ಬಿಡಲು ಹದಿನೆಂಟು ತಿಂಗಳಾಗುತ್ತದೆ, ನಿನ್ನ ಹತ್ತಿರ ಹದಿನಾಲ್ಕೇ ಇದೆ. ಒಂದೇ ಸಲ ಎರಡು ಕಡೆ ಕಳಿಸುವ ಹಾಗಿಲ್ಲ. ಹಾಗೆಂದು ಮೂರು ವಾರದಲ್ಲಿ ಅಚ್ಚು ಹಾಕಿಕೊಡುವ ಅಂಗಡಿಗಳ ಕಡೆ ತಲೆ ಹಾಕಿಯೂ ಮಲಗಬೇಡ. ಒಂದನ್ನು ಮೂರು ಲೇಖನ ಮಾಡುವ ಬುದ್ಧಿವಂತಿಕೆಯೂ ಬೇಡ, ಸಮಿತಿಯಲ್ಲಿ ಎಣಿಸಲು ಬರುವವರೂ ಇರುತ್ತಾರೆ.

ನಿನ್ನ ಲೇಖನದ ಕೊನೆಯಲ್ಲಿ ಆಧಾರಗಳ ಪಟ್ಟಿಯಿದೆಯಲ್ಲ, ಅದನ್ನು ತೆಗೆ. ಇಪ್ಪತ್ತಾರರಲ್ಲಿ ಒಂಬತ್ತು ಒಂದೇ ಜರ್ನಲ್ಲಿನಲ್ಲಿ ಬಂದಿವೆ, ನಾನು ಎಣಿಸಿದೆ. ನೀನು ಯಾರ ಮಾತಿಗೆ ಉತ್ತರ ಕೊಡುತ್ತಿದ್ದೀಯೋ ಅವರೆಲ್ಲ ಕೂತಿರುವುದು ಅಲ್ಲಿ. ಅಲ್ಲಿಗೇ ಹೋಗಿ ಮಾತಾಡು. ಸಂಪಾದಕ ಮಂಡಳಿಯಲ್ಲಿ ನಿನ್ನ ವಿಷಯದವರು ಇಬ್ಬರಿದ್ದಾರೆ, ಅವರಲ್ಲಿ ಹೆಂಗಸನ್ನು ಆರಿಸಿಕೋ. ಬಹಳ ಕಟುವಾಗಿ ಬರೆಯುತ್ತಾಳೆ, ಆದರೆ ಲೇಖನವನ್ನು ತಾನೇ ಓದುತ್ತಾಳೆ, ಎಂಟು ತಿಂಗಳಿಗಿಂತ ಹೆಚ್ಚು ಕಾಯಿಸುವುದಿಲ್ಲ. ಅವಳು ಬೇಡ ಎಂದರೂ ಯಾಕೆ ಬೇಡ ಎಂದು ಎರಡು ಪುಟ ಬರೆಯುತ್ತಾಳೆ, ಆಮೇಲೂ ನಿನಗೆ ಆರು ತಿಂಗಳು ಉಳಿಯುತ್ತದೆ. ಮುನ್ನುಡಿ ಅರ್ಧಕ್ಕೆ ಇಳಿಸು. ಹನ್ನೊಂದನೇ ಪುಟದಲ್ಲಿರುವುದನ್ನು ಎರಡನೇ ಪುಟದಲ್ಲಿ ಸಾರಿ ಹೇಳು. ನೀನು ಒಳ್ಳೆಯದನ್ನೆಲ್ಲ ಒಳಗೆ ಬಚ್ಚಿಡುತ್ತೀಯ, ಅದು ಹಳೇ ಕಾಯಿಲೆ.

ಜೊತೆಗಿರುವ ಹಾಳೆಯಲ್ಲಿ ಸಂಪಾದಕರಿಗೆ ಕಾಗದ ಟೈಪ್ ಮಾಡಿಟ್ಟಿದ್ದೇನೆ: ಅನಿವಾರ್ಯ ಕಾರಣಗಳಿಂದ ಲೇಖನ ಹಿಂತೆಗೆದುಕೊಳ್ಳುತ್ತಿದ್ದೇನೆ, ಕ್ಷಮೆಯಿರಲಿ. ನೀನು ಮಾಡಬೇಕಾದ್ದು ಒಂದು ಸಹಿ ಮಾತ್ರ. ಫೋಟೊ ತೆಗೆದು ಅವರಿಗೆ ಕಳಿಸು, ಹದಿನೆಂಟರ ಒಳಗೆ. ನನ್ನ ಮೇಲೆ ಪ್ರೀತಿ ತೋರಿಸಬೇಕೆಂದಿದ್ದರೆ ಸಮಾರಂಭದ ದಿನ ಬಂದು ಮೊದಲ ಸಾಲಿನಲ್ಲಿ ಕೂರು, ಭಾಷಣಗಳಿಗೆ ಆಕಳಿಸದಿರು.

ಮಗಳಿಗೆ ಮುತ್ತು, ನಿನ್ನ ಯಜಮಾನರಿಗೆ ನೆನಪು. ಕಾಯಂ ಕೆಲಸ ಸಿಕ್ಕಿ, ಸ್ವಂತ ಕೋಣೆ, ಸ್ವಂತ ಕರಿಹಲಗೆ, ನಿನ್ನಷ್ಟೇ ಮೊಂಡಾದ ನಾಲ್ಕು ವಿದ್ಯಾರ್ಥಿಗಳು ನಿನಗೆ ಸಿಗಲಿ.

ಇಂತು,
ನಿನ್ನ ಮೇಡಂ

ವಿ.ಸೂ.: ಇದನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿಟ್ಟಿದ್ದೇನೆ. ಸಹಿ ಕಳಿಸಿದ ಮೇಲೆ ಬಿಡಿಸು.

ನನ್ನ ಹತ್ತಿರ ಪಿಎಚ್‌ಡಿ ಮಾಡಿದವರು ಐದು ಜನ. ಸಂಪಾದಕರು ಐವರಿಗೂ ಬರೆದಿದ್ದರಂತೆ. ದೊಡ್ಡವನು ಈ ವರ್ಷ ಪುರುಸೊತ್ತಿಲ್ಲ ಅಂದನಂತೆ. ಎರಡನೆಯವಳು ಎರಡು ಸಾಲು ಶುಭಾಶಯ ಕಳಿಸಿದಳಂತೆ. ಮೂರನೆಯವನು ಇದ್ದದ್ದನ್ನೆಲ್ಲ ಆಗಲೇ ಬೇರೆ ಕಡೆ ಕಳಿಸಿಬಿಟ್ಟಿದ್ದನಂತೆ. ನಾಲ್ಕನೆಯವನು ಉತ್ತರವನ್ನೇ ಕೊಡಲಿಲ್ಲ. ಅವರು ಮಾಡಿದ್ದು ಸರಿ. ಇಂಥ ಪುಸ್ತಕಗಳಿಗೆ ಏನೂ ಕೊಡಬೇಡಿ ಎಂದು ಅವರ ತಲೆಗೆ ತುಂಬಿದವಳು ನಾನೇ. ಮಾಡಿದ್ದುಣ್ಣೋ ಮಹರಾಯ. ನಿನಗೂ ಹೇಳಿದ್ದೆ, ನೀನೊಬ್ಬಳು ಕಲಿಯಲಿಲ್ಲ.

ಆದರೆ ಪರಿವಿಡಿ ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದು ನಿಮ್ಮ ಐವರ ಹೆಸರನ್ನು. ಮೇಲಿನಿಂದ ಕೆಳಗೆ ಬೆರಳಿಟ್ಟು ಎರಡು ಸಲ ನೋಡಿದೆ. ನೀನು ಸಹಿ ಮಾಡಿದರೆ ಆ ಪುಸ್ತಕದಲ್ಲಿ ನಾನು ಕಲಿಸಿದವರು ಒಬ್ಬರೂ ಇರುವುದಿಲ್ಲ. ನನಗೆ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಕಳಿಸುವ ಮೊದಲೇ ನೀನು ಇದನ್ನು ಬಿಡಿಸಿ ಓದುತ್ತಿದ್ದೀಯ, ಗೊತ್ತು. ಆದರೂ ಸಹಿ ಮಾಡು.