ಸರಿ ಉತ್ತರಕ್ಕೆ ಎರಡು ಅಂಕ

ಕಾಲೇಜಿನ ಸ್ಟಾಫ್ ರೂಮು
ಹನ್ನೆರಡನೇ ತಾರೀಖು, ಬುಧವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಕಾಲಿನ ಬಾವು ಇಳಿಯಿತೇ? ಪಾಳಿ ಮುಗಿದ ಮೇಲೂ ವಾರ್ಡಿನಲ್ಲೇ ಸುತ್ತುತ್ತಿರುತ್ತೀಯ ಎಂದು ಗೊತ್ತು. ರೋಗಿಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಕಾಲು ಭಾಗವನ್ನಾದರೂ ನೀನೇ ಕೇಳು, ಮಹಾತಾಯಿ. ನಾನು ಚೆನ್ನಾಗಿದ್ದೇನೆ. ನಿನ್ನ ಮಗಳೂ ಚೆನ್ನಾಗಿದ್ದಾಳೆ, ಆದರೆ ನನ್ನ ಜೊತೆ ಮಾತು ಬಿಟ್ಟು ನಾಲ್ಕು ದಿನವಾಯಿತು. ಕೆಮಿಸ್ಟ್ರಿ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಲು ಅರ್ಜಿ ತಂದಿಟ್ಟುಕೊಂಡಿದ್ದಾಳೆ. ಇಪ್ಪತ್ತನೇ ತಾರೀಖು ಕೊನೆಯ ದಿನ. ಅವಳನ್ನು ನನ್ನ ಮನೆಯಲ್ಲಿ ಬಿಟ್ಟು, ನನ್ನದೇ ತರಗತಿಗೆ ಸೇರಿಸಿ ಹೋದವಳು ನೀನು, ಹಾಗಾಗಿ ಯಾಕೆ ಹೀಗಾಯಿತೆಂದು ನಾನೇ ಹೇಳಬೇಕು. ಫೋನಿನಲ್ಲಿ ಹೇಳಲು ಬಾಯಿ ಬರುತ್ತಿಲ್ಲ.

ಮೊದಲು ನನ್ನ ಹೊಟ್ಟೆಯುರಿ ಕೇಳು. ಹೋದ ವಾರ ನಲವತ್ತು ಪ್ರಯೋಗ ವರದಿ ತಿದ್ದಿದೆ. ಪ್ರಯೋಗ ಬಹಳ ಸರಳ: ಫ್ಲಾಸ್ಕಿನಲ್ಲಿ ಆಮ್ಲ, ಮೇಲಿನ ಬ್ಯೂರೆಟ್ಟಿನಿಂದ ತೊಟ್ಟು ತೊಟ್ಟಾಗಿ ಕ್ಷಾರ, ತಿಳಿ ಗುಲಾಬಿ ಬಣ್ಣ ಬಂದ ತಕ್ಷಣ ನಿಲ್ಲಿಸಿ ಎಷ್ಟು ಮಿಲಿ ಇಳಿಯಿತೆಂದು ಬರೆಯಬೇಕು. ಮೂವತ್ತೊಂಬತ್ತು ಮಂದಿ 9.8 ಎಂದು ಬರೆದಿದ್ದರು. ಹೋದ ವರ್ಷದ ಉತ್ತರವೂ ಅದೇ. ಹಳೆಯ ರೆಕಾರ್ಡು ಕೈಯಿಂದ ಕೈಗೆ ದಾಟಿ ಬಂದಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಒಬ್ಬ ಮಹಾನುಭಾವ, ಹೋದ ವರ್ಷ ನಾನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ‘ಅಕ್ಷರ ದುಂಡಾಗಿರಲಿ’ ಎಂಬುದನ್ನೂ ಪ್ರಯೋಗದ ವಿಧಾನದ ನಡುವೆ ಸೇರಿಸಿದ್ದ. ಅಕ್ಷರ ದುಂಡಾಗಿಯೇ ಇತ್ತು. ಎಲ್ಲವೂ ನಕಲೆಂದು ಗೊತ್ತಿತ್ತು. ಆದರೂ ಎಂಟು, ಒಂಬತ್ತು ಎಂದು ಹಾಕುತ್ತಾ ಹೋದೆ, ಉತ್ತರ ಸರಿಯಿದೆಯಲ್ಲ ಎಂದು.

ನಿನ್ನ ಮಗಳು ಒಬ್ಬಳೇ 19.6 ಎಂದು ಬರೆದಿದ್ದಳು. ಅಕ್ಷರವೋ ಕೋಳಿ ಕಾಲು, ಹಾಳೆಯ ಮೇಲೆಲ್ಲ ನೀರಿನ ಕಲೆ. ಅಕ್ಕನ ಹತ್ತಿರ ಮುಚ್ಚಿಡುವುದೇನು: ಅಕ್ಕನ ಮಗಳೆಂದು ಅಂಕ ಕೊಟ್ಟಳು ಅಂತ ಸ್ಟಾಫ್ ರೂಮಿನಲ್ಲಿ ಯಾರೂ ಆಡಿಕೊಳ್ಳಬಾರದೆಂದು ಅವಳಿಗೆ ಕೈ ಬಿಗಿ ಮಾಡಿದೆ. ಹತ್ತಕ್ಕೆ ಎರಡು. ‘ಅಸಡ್ಡೆ, ಮತ್ತೆ ಬರೆ’ ಎಂದು ಕೆಳಗೆ ಗೀಚಿದೆ. ಮನೆಗೆ ಬಂದವಳು, “ಮೂರು ಸಲ ಮಾಡ್ದೆ ಚಿಕ್ಕಮ್ಮ, ಅಷ್ಟೇ ಬಂತು” ಅಂದಳು. ಇಡೀ ತರಗತಿಗೆ ಕಣ್ಣಿಲ್ಲವೇ, ನೀನೊಬ್ಬಳೇ ಕಣ್ಣಿರುವವಳೇ ಎಂದು ಕೇಳಿದೆ. ಮರುದಿನ ಹೊಸ ಹಾಳೆಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, 9.8 ಎಂದು ಬರೆದು ತಂದಳು. ನಾನು ಒಂಬತ್ತು ಕೊಟ್ಟು ‘ಈಗ ಸರಿ’ ಎಂದು ಬರೆದೆ.

ಶನಿವಾರ ಬಾಟಲಿ ತೊಳೆಸುವ ಮುಂಚೆ, ಉಳಿದ ಆಮ್ಲವನ್ನು ಸುಮ್ಮನೆ ಒಮ್ಮೆ ಪರೀಕ್ಷಿಸಿ ನೋಡಿದೆ. 19.6. ಕೈ ತಪ್ಪಿರಬೇಕೆಂದು ಮತ್ತೆ ಮಾಡಿದೆ, ಇನ್ನೊಮ್ಮೆ ಮಾಡಿದೆ. ಅಷ್ಟೇ. ಆಗ ನೆನಪಾಯಿತು. ಪ್ರಯೋಗದ ದಿನ ಅಟೆಂಡರ್ ರಜೆ, ದ್ರಾವಣವನ್ನು ನಾನೇ ತಯಾರಿಸಿದ್ದೆ. ಆಮ್ಲ ಅಳೆದು ಸುರಿದ ಮೇಲೆ ಆಫೀಸಿನಿಂದ ಕರೆ ಬಂತು; ಹೋಗಿ ಬಂದು, ಸುರಿದಿರಲಿಲ್ಲ ಎಂದುಕೊಂಡು ಮತ್ತೊಮ್ಮೆ ಸುರಿದಿದ್ದೆ. ಆಮ್ಲ ಇಮ್ಮಡಿ, ಹಾಗಾಗಿ ಉತ್ತರವೂ ಇಮ್ಮಡಿ. ನಲವತ್ತು ಜನರಲ್ಲಿ ಪ್ರಯೋಗ ಮಾಡಿದವಳು ಒಬ್ಬಳೇ, ಅವಳಿಂದಲೇ ನಾನು ಸುಳ್ಳು ಬರೆಸಿದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ನೀನು ಪಕ್ಕದ ಹಾಸಿಗೆಯವನ ಜ್ವರವನ್ನು ಈ ಹಾಸಿಗೆಯವನ ಚಾರ್ಟಿನಲ್ಲಿ ಬರೆದರೆ ಹೇಗಿರುತ್ತದೆ ಹೇಳು.

ವಿಭಾಗದ ಮುಖ್ಯಸ್ಥರಿಗೆ ಹೇಳಿದರೆ ಅವರು ನಕ್ಕರು. ಎಲ್ಲರದ್ದೂ ಒಂದೇ ಉತ್ತರ ಇದೆಯಲ್ಲ, ಕೆದಕಿದರೆ ನಿಮಗೇ ಕೆಟ್ಟ ಹೆಸರು ಎಂದರು. ಆ ನಗುವಿಗಿಂತ ಹೇಸಿಗೆಯಾದದ್ದು ಒಂದು ಗಳಿಗೆ ನನಗೂ ಹೌದಲ್ಲ ಅನಿಸಿದ್ದಕ್ಕೆ. ಮನೆಗೆ ಹೋಗಿ ನಿನ್ನ ಮಗಳನ್ನು ಕೂರಿಸಿಕೊಂಡು, ಸರಿಯಾಗಿ ಬಂದದ್ದನ್ನು ಯಾಕೆ ಬದಲಾಯಿಸಿದೆ ಎಂದು ಕೇಳಿದೆ. ಕೇಳುವ ಪ್ರಶ್ನೆಯೇ ಅದು? ಅವಳು ತಲೆಯೆತ್ತದೆ ಹೇಳಿದಳು: “ನಿಂಗೆ ಬೇಕಾಗಿದ್ದು ಅದೇ ಅಲ್ವಾ ಚಿಕ್ಕಮ್ಮ? ಕೊಟ್ಟೆ.”

ಅಂದಿನಿಂದ ಊಟಕ್ಕೆ ಬರುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಕೋಣೆ ಸೇರುತ್ತಾಳೆ. ನನ್ನನ್ನು ಬೈಯಬೇಕಿದ್ದರೆ ಬೈದು ಬರೆ, ಆದರೆ ಮಾತ್ರೆ ಮರೆಯಬೇಡ, ಕಾಲು ಎತ್ತರಕ್ಕಿಟ್ಟು ಮಲಗು.

ಇತಿ ನಿನ್ನ ಆಶೀರ್ವಾದ ಬೇಡಲು ಮುಖವಿಲ್ಲದ,
ತಂಗಿ

ತಾಜಾ ಕಲಂ: ಲಕೋಟೆ ಅಂಟಿಸುವ ಮುಂಚೆ ತರಗತಿಗೆ ಹೋಗಿ ಬಂದೆ. ನಲವತ್ತು ಜನರ ಅಂಕವನ್ನೂ ಹೊಡೆದು ಹಾಕಿದೆ. ಎರಡು ಸಲ ಆಮ್ಲ ಸುರಿದವಳು ನಾನು, ಸರಿಯಾಗಿ ಬರೆದ ಒಬ್ಬರಿಗೆ ಎರಡು ಅಂಕ ಕೊಟ್ಟವಳೂ ನಾನು ಎಂದು ಎಲ್ಲರೆದುರು ಹೇಳಿದೆ. ನಿನ್ನ ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ಅರ್ಜಿ ಇನ್ನೂ ಅವಳ ಚೀಲದಲ್ಲೇ ಇದೆ. ಈ ಕಾಗದ ತಲುಪಿದ ದಿನವೇ ಅವಳಿಗೆ ಫೋನ್ ಮಾಡು. ಕೆಮಿಸ್ಟ್ರಿ ಬಿಡಬೇಡ ಎಂದು ಬುದ್ಧಿ ಹೇಳಬೇಡ. ಆ ದಿನ ಬ್ಯೂರೆಟ್ಟಿನಲ್ಲಿ ಎಷ್ಟು ಬಂತು ಎಂದು ಮಾತ್ರ ಕೇಳು. ನಿನಗೂ 9.8 ಎಂದೇ ಹೇಳಿದರೆ, ಅವಳನ್ನು ಕರೆದುಕೊಂಡು ಹೋಗಿಬಿಡು ಅಕ್ಕಾ.