ನಲ್ಲಿ ಬಾಗಿಲಿನ ಹೊರಗಿರಲಿ

ವಿಪತ್ತು ನಿರ್ವಹಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ತಾತ್ಕಾಲಿಕ ಆಸ್ಪತ್ರೆ ಮೊದಲು ಬಲಿ ತೆಗೆದುಕೊಳ್ಳುವುದು ತನ್ನ ದಾದಿಯರನ್ನೇ. ಅವರಲ್ಲಿ ಒಬ್ಬಳು ನನ್ನ ತಂಗಿ.

ಕಳೆದ ಭಾನುವಾರ, ತುರ್ತು ಬಂದರೆ ತಾತ್ಕಾಲಿಕ ಆಸ್ಪತ್ರೆಯಾಗಲಿರುವ ನಮ್ಮ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ನೀವು ನಡೆಸಿದ ರಾಸಾಯನಿಕ ದಾಳಿಯ ಅಣಕು ಕಾರ್ಯಾಚರಣೆಯಲ್ಲಿ ನಾನೂ ಇದ್ದೆ. ಆ ಶಾಲೆಯಲ್ಲಿ ಗಣಿತ ಹೇಳಿಕೊಡುವ ನನ್ನ ಕೊರಳಿಗೆ ‘ಗಾಯಾಳು ೧೭, ಗಂಭೀರ’ ಎಂಬ ಚೀಟಿ ನೇತುಹಾಕಿದ್ದರು. ವಿಷ ತಗುಲಿದ್ದರ ಗುರುತಾಗಿ ಅಂಗಿಗೆ ಸೀಮೆಸುಣ್ಣದ ಪುಡಿ ಬಳಿದಿದ್ದರು. ಬಾಗಿಲಲ್ಲೇ ನಿಮ್ಮ ಗುಮಾಸ್ತರು ತಡೆದರು.

“ಹೆಸರು, ವಿಳಾಸ, ಗುರುತಿನ ಚೀಟಿ.”

“ಸ್ವಾಮಿ, ನನಗೆ ಉಸಿರೇ ಬರ್ತಿಲ್ಲ. ಮೊದಲು ಮೈ ತೊಳೀಬೇಕಲ್ವಾ?”

“ಉಸಿರು ಬರದೇನೇ ಇಷ್ಟು ಮಾತಾಡ್ತೀರಲ್ಲ ಮೇಷ್ಟ್ರೇ! ಮೊದಲು ನೋಂದಣಿ, ಆಮೇಲೆ ಸ್ನಾನ. ಹಿಂದುಗಡೆ ಹೋಗಿ.”

ಹಿಂದುಗಡೆ ಎಂದರೆ ನಲವತ್ತು ಹಾಸಿಗೆಗಳನ್ನು ದಾಟಿ, ಆಟಗಾರರ ಸ್ನಾನದ ಕೋಣೆಗೆ. ಹೆಸರು ಬರೆಸಿ ಹೋದೆ. ತಿರುಗಿ ನೋಡಿದರೆ ಬಿಳಿ ಪುಡಿ ಮೇಜಿನ ಮೇಲಿತ್ತು, ಗುಮಾಸ್ತರ ಪೆನ್ನಿನ ಮೇಲಿತ್ತು, ಹನ್ನೊಂದು ಹಾಸಿಗೆಗಳ ಅಂಚಿನಲ್ಲಿತ್ತು, ನನ್ನ ತೋಳು ಹಿಡಿದು ನಡೆಸಿದ ತಂಗಿಯ ಕೆನ್ನೆಯ ಮೇಲೂ ಇತ್ತು. ಮರುದಿನ ‘ಕಾರ್ಯಾಚರಣೆ ಯಶಸ್ವಿ’ ಎಂಬ ಪ್ರಕಟಣೆ ಬಂತು. ಯಾರ ಯಶಸ್ಸು ಮಾನ್ಯರೇ? ವಿಷದ್ದೇ?

ಇವನೊಬ್ಬ ಪುಕ್ಕಲ ಎನ್ನುತ್ತೀರೇನೋ. ಹೌದು, ನನಗೆ ಹೆದರಿಕೆಯಾಗಿದೆ. ಎರಡು ವರ್ಷದ ಹಿಂದೆ ಕೀಟನಾಶಕ ತುಂಬಿದ ಲಾರಿಯೊಂದು ಮಗುಚಿದಾಗ, ಚಾಲಕನನ್ನು ಒದ್ದೆ ಬಟ್ಟೆಯಲ್ಲೇ ವಾರ್ಡಿಗೆ ತಂದಿದ್ದರು. ಬರಿಗೈಯಲ್ಲಿ ಅವನ ಅಂಗಿ ಬಿಚ್ಚಿದವಳು ನನ್ನ ತಂಗಿ. ಸಂಜೆಯೊಳಗೆ ಅವಳ ಕಣ್ಣು ಮಂಜಾಯಿತು, ಉಸಿರು ಕಟ್ಟಿತು. ನಾಲ್ಕು ದಿನ ಅವಳ ಪರವಾಗಿ ಯಂತ್ರ ಉಸಿರಾಡಿತು. ಹೊರಗಿನ ಬೆಂಚಿನಲ್ಲಿ ಕೂತು ನಾನು ಆ ಸದ್ದನ್ನೇ ಕೇಳುತ್ತಿದ್ದೆ. ನಿಂತೀತೆಂದು ಕಿವಿ ಮುಚ್ಚಿಕೊಳ್ಳಲೂ ಧೈರ್ಯವಿರಲಿಲ್ಲ. ಒಬ್ಬ ಚಾಲಕನಿಂದ ಇಷ್ಟಾದರೆ, ನಾನೂರು ಜನ ಒಟ್ಟಿಗೆ ಬಂದರೆ?

ಕೇಳುವುದು ಇಷ್ಟೇ. ತೊಳೆಯುವ ನಲ್ಲಿಗಳು ಗೇಟಿನ ಹೊರಗೆ, ಬಯಲಲ್ಲಿ ಇರಲಿ. ಮರೆಗೆ ಪರದೆ, ಬದಲಿ ಬಟ್ಟೆ ಇರಲಿ. ಮೈ ಮುಟ್ಟುವವರಿಗೆ ತಕ್ಕ ರಕ್ಷಾಕವಚ ಸಿಗಲಿ. ಹೆಸರು ಆಮೇಲೆ ಬರೆದುಕೊಳ್ಳಿ, ನೀರು ಹುಯ್ದರೆ ಅದೇನೂ ಅಳಿಸಿಹೋಗುವುದಿಲ್ಲ. ಮುಂದಿನ ತಿಂಗಳಿಂದ, ತುರ್ತು ಕರೆ ಬಂದರೆ ಈ ಆಸ್ಪತ್ರೆಯ ಮುಂಬಾಗಿಲಲ್ಲಿ ಗಾಯಾಳುಗಳನ್ನು ಬರಮಾಡಿಕೊಳ್ಳುವ ಸರದಿ ನನ್ನ ತಂಗಿಯದು. ಅಷ್ಟರೊಳಗೆ ನಕ್ಷೆ ಬದಲಾಗಬೇಕು.

ಆ ಭಾನುವಾರ ಮನೆಗೆ ಬರುವಾಗ ಕೆನ್ನೆ ಒರೆಸಿಕೊಳ್ಳುತ್ತಾ ಅವಳು ಹೇಳಿದ್ದಿಷ್ಟು: “ಅಣ್ಣಾ, ನಿಜವಾಗ್ಲೂ ಹೀಗಾದ್ರೆ ನೀನು ಮಾತ್ರ ನನ್ನ ಬಾಗಿಲಿಗೆ ಬರಬೇಡ. ನಿನ್ನ ನೋಡಿದ್ರೆ ನಾನು ಕೈಗವಸು ಹಾಕ್ಕೊಳ್ಳೋಕೂ ನಿಲ್ಲಲ್ಲ.”

ಇಂತಿ,
ನೋಂದಣಿಯೊಂದು ಮಾತ್ರ ಸರಿಯಾಗಿ ಆದ
ಗಾಯಾಳು ೧೭