ಮಗ್ಗದ ಮೇಲಿನ ಕತ್ತರಿ ಗುರುತು

ಮಲ್ಲಪ್ಪ ಮಾಮಾ,

ಪಾನಾ ಹಿಡಿಯದ ನಿಮ್ಮ ಮೇಸ್ತ್ರಿ ಈರಣ್ಣನ ಶರಣು. ಮೊದಲು ಖರ್ಚು ಹೇಳಿಬಿಡ್ತೀನಿ. ಅದನ್ನು ಕೇಳದೆ ನೀವು ಮುಂದಿನ ಮಾತಿಗೆ ಕಿವಿ ಕೊಡುವವರಲ್ಲ. ಹದಿನಾಲ್ಕು ತಿಂಗಳು. ಎರಡು ಜೋಡಿ ಚಪ್ಪಲಿ. ಇಚಲಕರಂಜಿಗೂ ಕೊಲ್ಹಾಪುರಕ್ಕೂ ನಡುವೆ ನಾನೇ ಎಣಿಸೋದು ಬಿಟ್ಟಷ್ಟು ಬಸ್ಸು. ಒಂದು ಬೀಮಿಗೆ ಸುತ್ತಿದ್ದ ಹಾಸುನೂಲು ಪೂರಾ. ಮತ್ತೆ ಒಂದು ನಗು. ಎಲ್ಲಕ್ಕಿಂತ ತುಟ್ಟಿ ಬಿದ್ದದ್ದು ಆ ನಗು, ಯಾಕಂದರೆ ಅದನ್ನು ನಿಮ್ಮ ಎದುರಿಗೇ ನಕ್ಕಿದ್ದೆ.

ಶೆಡ್ ಎಬ್ಬಿಸುವ ಕೆಲಸಕ್ಕೆ, ಮಗ್ಗ ಜೋಡಿಸುವ ನಿಮ್ಮ ಹಿಂದೆ ಹಿಂದೆ ಬಂದ ಆ ದಿನಗಳು ನೆನಪಿವೆಯಾ? ಗೋಡೆ ಕಟ್ಟುವ ಗವಂಡಿಗೆ ಫೋನು, ವಾಯರ್‌ಮನ್‌ಗೆ ಫೋನು, ಮಗ್ಗ ತರುವ ಲಾರಿಯವನಿಗೆ ಫೋನು. ಯಾರು ಯಾವ ದಿನ ಬರಬೇಕು, ಯಾರ ಕೆಲಸ ಮುಗಿದ ಮೇಲೆ ಯಾರು ಶುರು ಹಚ್ಚಬೇಕು, ಇಷ್ಟೇ ನನ್ನ ಕಸುಬು. ಜನ್ಮದಲ್ಲಿ ಪಾನಾ ಹಿಡಿದು ಒಂದು ನಟ್ಟು ಬಿಗಿ ಮಾಡಿದವನಲ್ಲ. ನೀವು ಮಗ್ಗದ ಕೆಳಗಿಂದ ತಲೆ ಹೊರಗೆ ಹಾಕಿ, "ಲೇ ಈರಣ್ಣಾ, ಕೈಗೆ ಎಣ್ಣಿ ಹತ್ತಲಾರದ ಶೆಡ್ ಎಬ್ಬಸ್ತೀಯಲ್ಲೋ! ಎಣ್ಣಿ ಎಲ್ಲಾ ನಾಲಿಗಿಗೆ ಹಚಗೊಂಡಿಯೇನ?" ಅಂದಿದ್ದಿರಿ. ಹೊಗಳಿದ್ದೋ ಬೈದದ್ದೋ, ಇವತ್ತಿಗೂ ತಿಳಿದಿಲ್ಲ. ನಾನಂತೂ ಹೊಗಳಿಕೆಯ ಖಾತೆಗೇ ಹಾಕಿಕೊಂಡಿದ್ದೀನಿ.

ಕೊಲ್ಹಾಪುರದ ಸಾಫ್ಟ್‌ವೇರ್ ಆಫೀಸಿನವರು ಕರೆದಾಗ ಮೊದಲು ಹೇಳಿದ್ದು ನಿಮಗೇ. ಮಗ್ಗದ ಶೆಡ್ಡುಗಳಿಗೆ ಆ್ಯಪ್ ಮಾಡುತ್ತಾರಂತೆ, ಶೆಡ್ ಬಲ್ಲವನೊಬ್ಬ ಬೇಕಂತೆ, ಪ್ರಾಡಕ್ಟ್ ಮ್ಯಾನೇಜರ್ ಅಂತಾರಂತೆ.

"ಅಂದ್ರ ಏನ ಮಾಡ್ತಿ?"

"ಏನ ಮಾಡಬೇಕು ಅನ್ನೂದ ಹೇಳ್ತೀನಿ, ಮಾಮಾ."

"ಮಾಡೋರು?"

"ಹುಡುಗೋರು ಅದಾರ್ರೀ, ಕೋಡ್ ಬರಿತಾರ."

"ಹಂಗಾದ್ರ ಅಲ್ಲೂ ಪಾನಾ ಹಿಡಿಯಾಂವ ಅಲ್ಲ ಬಿಡು," ಅಂದು ಚಹಾ ಬಸಿಗೆ ಸುರಿದುಕೊಂಡಿರಿ.

ಹೋದ ಮೊದಲ ವಾರವೇ ನಾನು ಗೋಡೆಗೆ ತಾರೀಖಿನ ಪಟ್ಟಿ ಅಂಟಿಸಿದೆ. ಶೆಡ್ ಎಬ್ಬಿಸಿದ ಹಾಗೆಯೇ ಅಲ್ಲವಾ, ಗವಂಡಿಯ ಜಾಗಕ್ಕೆ ಕೋಡ್ ಬರೆಯುವವರು? ಅಲ್ಲಿ ಸ್ನೇಹಾ ಅಂತ ಒಬ್ಬಳಿದ್ದಾಳೆ, ಆ್ಯಪಿನ ಅರ್ಧ ಕೋಡು ಅವಳದೇ. ಪಟ್ಟಿ ನೋಡಿ, "ಸರ್, ತಾರೀಖ ದಿಲೀತ, ಕಾರಣ ದಿಲಂ ನಾಹಿ" ಅಂದಳು. ತಾರೀಖು ಕೊಟ್ಟಿರಿ, ಕಾರಣ ಕೊಡಲಿಲ್ಲ. ಹುಡುಗಿ ಚೂಟಿ ಇದ್ದಾಳೆ ಅಂದುಕೊಂಡೆ, ಅಷ್ಟೇ. ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಆ್ಯಪ್ ಮುಗಿಸಿದೆವು.

ಗಡಹಿಂಗ್ಲಜದ ನಿಮ್ಮ ಮನೆಗೆ ಅದನ್ನು ತೋರಿಸಲು ಬಂದದ್ದು ಆ ವಾರವೇ. ಅಷ್ಟೊತ್ತಿಗೆ ನೀವು ಹಾಸಿಗೆ ಹಿಡಿದಿದ್ದಿರಿ. ಇಷ್ಟು ವರ್ಷ ನುಂಗಿದ ಹತ್ತಿಯ ಧೂಳು ಉಸಿರಿಗೆ ಅಡ್ಡ ನಿಂತಿತ್ತು. ಫೋನು ಕಣ್ಣಿಗೆ ಹತ್ತೋದಿಲ್ಲ ಅಂತ ಕಾಗದದ ಮೇಲೆ ಛಾಪಿಸಿ ತಂದಿದ್ದೆ. ಮಗ್ಗ ಕೆಟ್ಟರೆ ನೇಕಾರ ಬರೆದು ತುಂಬಬೇಕಾದ ಹದಿನಾಲ್ಕು ಖಾಲಿ ಮನೆಗಳು. ಬೆರಳಿಟ್ಟು ಒಂದೊಂದೇ ನೋಡಿದಿರಿ. ಕೊನೆಗೆ ಕೇಳಿದಿರಿ, "ಇದರಾಗ ಖಡು ಎಲ್ಲೈತೋ?"

ಆಗ ನಾನು ನಕ್ಕೆ. "ಖಡುವಿನ ಕಾಲ ಮುಗೀತು, ಮಾಮಾ."

ನೀವು ಸಿಟ್ಟಾಗಲಿಲ್ಲ. ಕಾಗದ ಮಗುಚಿ, ಪೆನ್ಸಿಲ್ ಇಸಿದುಕೊಂಡು ನಿಮ್ಮ ಮೂರು ಗುರುತು ಬರೆದಿರಿ. ಅಡ್ಡಗೆರೆ: ಎಳೆ ಹರಿಯಾಕತ್ತಾವ. ಸೊನ್ನೆ: ಮೇಸ್ತ್ರಿಗೆ ತೋರಸು. ಕತ್ತರಿ: ಚಾಲೂ ಮಾಡಬ್ಯಾಡ. ಪಾಳಿ ಮುಗಿಸಿ ಹೋಗುವವನು ಸೀಮೆಸುಣ್ಣದ ಖಡುವಿನಿಂದ ಮಗ್ಗದ ಮೇಲೆ ಬರೆದಿಟ್ಟು ಹೋಗುವ ಗುರುತುಗಳು. "ಪಾಳಿ ಇಳದಾಂವಗೂ ಹತ್ತಿದಾಂವಗೂ ಭೆಟ್ಟಿ ಆಗೂದಿಲ್ಲ ನೋಡು, ಅದಕ್ಕ..." ಅಂದಿರಿ, ಕೆಮ್ಮು ಬಂತು. ನಾನು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ಮುಂದಿನ ತಿಂಗಳು ನೀವೇ ಎದ್ದು ಹೋದಿರಿ. ಆ ಮಾತು ಅಲ್ಲಿಗೇ ನಿಂತಿತು.

ಇಚಲಕರಂಜಿಯ ಇಪ್ಪತ್ನಾಲ್ಕು ಮಗ್ಗದ ಶೆಡ್ಡಿನಲ್ಲಿ ಆ್ಯಪ್ ಶುರು ಮಾಡಿದ ದಿನ ನಾನು ಮಾಡಿದ ಕೆಲಸ ಕೇಳಿದರೆ ನೀವು ಮೇಲಿಂದಲೇ ಪಾನಾ ಒಗೆಯುತ್ತೀರಿ. ಮಗ್ಗಗಳನ್ನೆಲ್ಲ ಒರೆಸಿಸಿ, ಬಣ್ಣ ಬಳಿಸಿ, ಖಡುವಿನ ಡಬ್ಬಿ ಎತ್ತಿಟ್ಟೆ. ಇನ್ನು ಎಲ್ಲಾ ಫೋನಿನ ಮೇಲೆ! ಮೂರನೇ ದಿನ ಹದಿನೇಳನೇ ಮಗ್ಗ ಕೆಟ್ಟಿತು. ಬೆಳಗಿನ ಪಾಳಿಯವನು ಕೈಯ ಎಣ್ಣೆ ಒರೆಸಿಕೊಂಡು ಒಂಬತ್ತನೇ ಮನೆಯವರೆಗೆ ತುಂಬಿದ್ದನಂತೆ. ಅಷ್ಟರಲ್ಲಿ ಫೋನು ಪಾಸ್‌ವರ್ಡ್ ಕೇಳಿತು, ಅವನು ಮನೆಗೆ ಹೋದ. ಮುಂದಿನ ಪಾಳಿಗೆ ಬಂದವನು ನಮ್ಮ ಬಾಳೂ, ನೀವೇ ಕೆಲಸ ಕಲಿಸಿದವನು. ಮಗ್ಗದ ಮೇಲೆ ಕತ್ತರಿ ಇಲ್ಲ. ಚಾಲೂ ಮಾಡಿದ. ಲಾಳಿ ಹಾರಿ ಅವನ ಕಿವಿಯ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು, ಹಾಸುನೂಲು ಅಷ್ಟೂ ಹರಿಯಿತು.

ನಾನು ಓಡಿ ಹೋದಾಗ ಬಾಳೂ ಕೆಳಗೆ ಕೂತಿದ್ದ. "ಫೋನಿನ್ಯಾಗ ಸಗಳಾ ಐತಿ ಅಂತೀರಿ, ಸಾಯೇಬ್ರ. ನನ್ನ ಕಿವಿ ಇಲ್ಲೇ ಐತಲ್ರೀ!" ಅಂದ. ನಾಲಿಗೆಯ ಎಣ್ಣೆ ಆ ಹೊತ್ತಿಗೆ ಪೂರಾ ಒಣಗಿತ್ತು. ಮಾಲಕರು ಹದಿನೈದು ದಿನ ಕೊಟ್ಟರು: ಜನ ತಾವಾಗಿ ಬಳಸಿದರೆ ಇಟ್ಟುಕೊಳ್ಳುತ್ತೀವಿ, ಇಲ್ಲಾಂದರೆ ಗಂಟು ಕಟ್ಟಿಕೊಂಡು ಹೊರಡು. ಆಫೀಸಿನವರ ಮಾತೂ ಅದೇ. ಈ ಶೆಡ್ ಕೈಬಿಟ್ಟರೆ ಆ್ಯಪ್ ಮುಚ್ಚುತ್ತದೆ, ನಾನು ಮತ್ತೆ ಗವಂಡಿಗೆ ಫೋನು ಹಚ್ಚಬೇಕು.

ಮಾಮಿಯನ್ನು ನೋಡಲು ಹೋದದ್ದು ಆ್ಯಪಿನ ಸಲುವಾಗಿ ಅಲ್ಲ, ಬೇರೆಲ್ಲಿಗೂ ಮುಖ ತೋರಿಸಲಾಗದೆ. ಅವರು ನಿಮ್ಮ ಕೆಲಸದ ಅಂಗಿ ತೆಗೆದು ತೋರಿಸಿದರು. "ಎಷ್ಟ ಒಗದ್ರೂ ಖಡು ಇಟ್ಟ ಈ ಕಿಸೆ ಬೆಳ್ಳಗs ಉಳೀತು, ನೋಡಪಾ." ನೀವು ನಡುವೆ ಬಿಟ್ಟ ಮಾತು ಹೇಳಿದೆ. ಮಾಮಿ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಇಳದಾಂವ ಮನೀಗೆ ಓಡತಾನ, ಹತ್ತಾಂವ ಆಮ್ಯಾಲೆ ಬರತಾನ. ನಡುವ ಮಗ್ಗ ಒಂದ ನಿಂತಿರತೈತಿ. ಅದಕ್ಕ ಅದರ ಮ್ಯಾಲೇನ ಬರೀಬೇಕು ಅಂತಿದ್ರು. ಇಷ್ಟೂ ತಿಳೀಲಿಲ್ಲೇನ ನಿನಗ?"

ತಿಳಿಯಲಿಲ್ಲ, ಮಾಮಾ. ನಾನು ಎಲ್ಲರಿಗೂ ಕೇಳಿದ್ದು 'ಯಾವಾಗ ಮುಗೀತದ' ಅಂತ. 'ಇದು ಯಾರಿಗೆ ಬೇಕು' ಅಂತ ಒಬ್ಬರಿಗೂ ಕೇಳಿರಲಿಲ್ಲ.

ಮರುದಿನವೇ ಖಡುವಿನ ಡಬ್ಬಿ ವಾಪಸ್ ಇಟ್ಟೆ. ಆರು ದಿನ ಪಾಳಿ ಬದಲಾಗುವ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತು ನೋಡಿದೆ. ನಾನು ಬಾಯಿ ಮುಚ್ಚಿದ್ದೆ ಅಂದರೆ ನೀವು ನಂಬುತ್ತೀರೋ ಇಲ್ಲವೋ. ಸ್ನೇಹಾಳನ್ನೂ ಕರೆಸಿದೆ. ಕೂದಲ ತುಂಬ ಹತ್ತಿ ಮಾಡಿಕೊಂಡು ನಿಂತ ಹುಡುಗಿ, "ಸರ್, ಹನ್ನೊಂದು ಮನೆ ಮಾಲಕರಿಗೆ, ಮೂರು ಮನೆ ಮಗ್ಗಕ್ಕೆ" ಅಂದಳು. ಹನ್ನೊಂದನ್ನೂ ಕಿತ್ತಳು. ಈಗ ನೇಕಾರ ಖಡುವಿನಲ್ಲೇ ಬರೆಯುತ್ತಾನೆ, ಮಗ್ಗದ ಹತ್ತಿರ ಫೋನು ಮುಟ್ಟೋದೇ ಇಲ್ಲ. ಮೇಸ್ತ್ರಿ ಸುತ್ತು ಬಂದಾಗ ತನ್ನ ಫೋನಿನಲ್ಲಿ ಮಗ್ಗದ ನಂಬರಿನ ಮೇಲೆ ಅದೇ ಗುರುತು ಒತ್ತುತ್ತಾನೆ, ಮುಂದಿನ ಪಾಳಿಯವನು ಮನೆ ಬಿಡುವ ಮೊದಲೇ ತನ್ನ ಫೋನಿನಲ್ಲಿ ನೋಡಿಕೊಳ್ಳುತ್ತಾನೆ.

ಹದಿಮೂರನೇ ದಿನ ಬಾಳೂನ ಫೋನು ಬಂತು. ಮತ್ತೆ ಲಾಳಿ ಹಾರಿತೇನೋ ಅಂದುಕೊಂಡೆ. "ಏನ್ರೀ ಸಾಯೇಬ್ರ, ಚಹಾ ಕುಡಕೋತ ಕುಂತೇನಿ, ಇವತ್ತ ಗುರುತs ಕಾಣವಲ್ಲವು! ಬಂದ್ ಮಾಡೀರೇನ?" ಆಫೀಸಿನಲ್ಲಿ ಏನೋ ಅರ್ಧ ತಾಸು ಕೆಟ್ಟಿತ್ತು. ಅವನು ಬೈಯುತ್ತಿದ್ದ, ನಾನು ರಸ್ತೆಯಲ್ಲಿ ನಿಂತು ನಗುತ್ತಿದ್ದೆ. ಆ್ಯಪ್ ಕಾಣಲಿಲ್ಲ ಅಂತ ಒಬ್ಬ ಬೈದನಲ್ಲ, ಮಾಮಾ! ಮಾಲಕರಿಗೆ ನಾನು ಬೇರೆ ಏನೂ ಹೇಳಬೇಕಾಗಲಿಲ್ಲ. ಶೆಡ್ ಉಳಿಯಿತು.

ಇನ್ನು ಯಾರಿಗೆ ಏನು ಸಿಕ್ಕಿತು, ಕೇಳಿ. ಬಾಳೂನ ಕಿವಿ ಇದ್ದ ಜಾಗದಲ್ಲೇ ಇದೆ, ಯಾವ ಮಗ್ಗ ಮುಟ್ಟಬಾರದು ಅಂತ ಅವನಿಗೆ ಚಹಾದ ಹೊತ್ತಿಗೇ ಗೊತ್ತಾಗುತ್ತದೆ. ಮಾಲಕರಿಗೆ ಹರಿಯದ ನೂಲು. ಸ್ನೇಹಾಳಿಗೆ ಕಾರಣ ಸಿಕ್ಕಿತು. ತಾರೀಖಿನ ಪಟ್ಟಿಯನ್ನು ಅವಳೇ ಹರಿದಳು. ಮಾಮಿಗೆ ನನ್ನನ್ನು ಬೈಯಲು ತಿಂಗಳಿಗೊಂದು ದಿನ, ತಪ್ಪದೆ ಹೋಗುತ್ತೀನಿ. ನನಗೆ ನೌಕರಿ ಉಳಿಯಿತು, ಪಾನಾ ಇನ್ನೂ ಹಿಡಿದಿಲ್ಲ.

ನಿಮಗೆ ಬಂದದ್ದು: ಆ ಕಾಗದದ ಹಿಂದೆ ನೀವು ಬರೆದ ಮೂರು ಗುರುತನ್ನೇ ಸ್ನೇಹಾ ಆ್ಯಪಿಗೆ ಇಳಿಸಿದಳು, ಸೊನ್ನೆ ಸೊಟ್ಟಗಿದ್ದದ್ದು ಸೊಟ್ಟಗೇ. ಇಪ್ಪತ್ನಾಲ್ಕು ಮಗ್ಗ, ಎರಡು ಪಾಳಿ, ದಿನಾಲೂ ನಿಮ್ಮ ಕೈಬರಹ.

ನಿಮ್ಮ,
ಈರಣ್ಣ